ಯಾರ ಶಾಸ್ತ್ರ ಮೊದಲು

"ಅಯ್ಯೋ ನನ್ನ ತಮ್ಮಾ! ಅಯ್ಯೋ ನನ್ನ ಬಂಗಾರದಂಥ ತಮ್ಮಾ!" ಎಂದು ಕೂಗುತ್ತ ತಿನಾಲಿ ಗೇಟಿನಿಂದ ಅಂಗಳದೊಳಕ್ಕೆ ಓಡಿದ. ಎಪ್ಪತ್ತಾರರ ಮಂಡಿ ಓಡುವುದಕ್ಕೆ ಒಪ್ಪುತ್ತಿರಲಿಲ್ಲ. ಆದರೆ ಸಾವಿನ ಮನೆಗೆ ಗಂಡಸು ನಡೆದುಕೊಂಡು ಹೋಗುವಂತಿಲ್ಲ, ಸತ್ತವನು ಒಡಹುಟ್ಟಿದವನಲ್ಲದಿದ್ದರೂ ತಮ್ಮಾ ಎಂದು ಅಳುತ್ತ ಓಡಿಯೇ ಹೋಗಬೇಕು. ಮಾರ್ಚ್ ತಿಂಗಳ ಕೆಸರಿನಲ್ಲಿ ಕಾಲು ಜಾರಿತು. ಹೆಣವಿಡಲು ಕಟ್ಟಿದ ಕಂಬಳಿ ಡೇರೆಯ ಮುಂದೆ ಸೂತಕದ ಕೋಲೂರಿ ನಿಂತಿದ್ದ ಸತ್ತವನ ಅಳಿಯ ಬೆಕ್ತುರ್ ಎರಡು ಹೆಜ್ಜೆ ಮುಂದೆ ಬಂದು ಅವನನ್ನು ತಬ್ಬಿ ಹಿಡಿದ.

ಡೇರೆಯೊಳಗೆ ಕೆರಿಮ್‌ಕುಲ್ ಮಲಗಿದ್ದ. ಅವನ ಮಗಳು ಅನಾರಾ ಗೋಡೆಗೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಹಾಡಿ ಅಳುತ್ತಿದ್ದಳು.

"ಗಾಜಿಗೆ ಉಸಿರು ಊದಿದವನೇ, ನನ್ನಪ್ಪಾ,
ನಿನ್ನುಸಿರ ಯಾರು ಕೊಂಡರೋ?
ಬಟ್ಟಲ ಚಹಾ ಚೆಲ್ಲಿದಾಗ, ನನ್ನಪ್ಪಾ,
ಕುಡುಕನೆಂದು ಯಾರಂದರೋ?"

ಹೊರಗೆ ನಿಂತ ಗಂಡಸರು ತಲೆ ತಗ್ಗಿಸಿದರು. ಒಬ್ಬ ಇನ್ನೊಬ್ಬನ ಕಿವಿಯಲ್ಲಿ, "ಯಾರಂದ್ರು ಅಂತ ಕೇಳ್ತಾಳಲ್ಲೋ, ಇಡೀ ಕೇರಿ ಅಂತಿತ್ತು" ಅಂದ.

ತಿನಾಲಿಯನ್ನು ಮನೆಯೊಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಕೆರಿಮ್‌ಕುಲ್ ಕೆಲಸ ಮಾಡುತ್ತಿದ್ದ ವಿಜ್ಞಾನ ಸಂಸ್ಥೆಯವರೆಂದು ಮೂವರಿಗೂ ಒಂದೇ ಕೋಣೆ. ರಸಾಯನಶಾಸ್ತ್ರದ ಸಾಯಿರಾ ಕಪ್ಪು ಶಾಲು ಹೊದ್ದು ಕೂತಿದ್ದಳು. ದೇಹಶಾಸ್ತ್ರದ ಕುಬಾತ್ ಕರಿದ ಹಿಟ್ಟಿನ ತುಂಡನ್ನು ಚಹಾದಲ್ಲಿ ಅದ್ದಿ, ತಿನ್ನದೆ, ಕೈಯಲ್ಲೇ ಹಿಡಿದುಕೊಂಡಿದ್ದ.

"ಬಂದ್ಯಾ, ಭೌತಶಾಸ್ತ್ರ," ಅಂದ ಕುಬಾತ್.

"ಬಂದೆ ಕಣೋ, ಕುರಿ ಡಾಕ್ಟ್ರೇ."

ಹಳೆಯ ಗೇಲಿ. ಯಾರಿಗೂ ನಗು ಬರಲಿಲ್ಲ.

*

ಆ ಕಾಲದಲ್ಲಿ ಸಂಸ್ಥೆಯ ನೆಲಮಾಳಿಗೆಯಲ್ಲಿ ಗಾಜು ಊದಿ ಉಪಕರಣ ಮಾಡುವವನು ಒಬ್ಬನೇ, ಪ್ರಯೋಗಶಾಲೆ ಮೂರು. ಮೂವರಿಗೂ ತಮ್ಮ ಗಾಜು ಇವತ್ತೇ ಬೇಕು. ಎಂಟನೇ ಕ್ಲಾಸಿನವರೆಗೆ ಓದಿದ್ದ ಕೆರಿಮ್‌ಕುಲ್ ಇದಕ್ಕೆ ತನ್ನದೇ ಒಂದು ನ್ಯಾಯ ಮಾಡಿಕೊಂಡಿದ್ದ.

"ಯಾವ ಶಾಸ್ತ್ರ ದೊಡ್ಡದು, ಹೇಳಿ. ಯಾರ ಮಾತಿಗೆ ನಾನು ಉರಿ ಸಣ್ಣಗೆ ಮಾಡ್ತೀನೋ ಅವರ ಕೆಲಸ ಮೊದಲು."

ಸೋಮವಾರ ಬೆಳಿಗ್ಗೆ ಮೂವರೂ ಅವನ ಬೆಂಚಿನ ಮುಂದೆ ಹಾಜರು. ಸಂಸ್ಥೆಯ ದೊಡ್ಡ ಸಭೆಗೆ ತಯಾರಾಗದವರು ಈ ನೆಲಮಾಳಿಗೆಗೆ ರಾತ್ರಿಯೆಲ್ಲ ಯೋಚಿಸಿ ಬರುತ್ತಿದ್ದರು.

"ಅಣುವೇ ಇಲ್ಲದೆ ನಿನ್ನ ರಸಾಯನ ಎಲ್ಲಿಂದ ಬಂತಮ್ಮ?" ಎನ್ನುತ್ತಿದ್ದ ತಿನಾಲಿ. "ನೀನು ಅಡುಗೆಯವಳು. ಒಲೆ ಕೊಟ್ಟವರು ನಾವು."

"ಒಲೆ ಕೊಟ್ಟು ಏನು ಬಂತು, ಹೊಟ್ಟೆ ತುಂಬಿಸೋದು ಅಡುಗೆ!" ಸಾಯಿರಾ ಕೈ ಬೀಸುತ್ತಿದ್ದಳು. "ಕೆರಿಮ್‌ಕುಲ್, ನೀನು ಹಿಡಿದಿರೋ ಗಾಜು ಏನು? ಮರಳು, ಸೋಡಾ, ಸುಣ್ಣ. ನಿನ್ನ ಅನ್ನ ನಮ್ಮ ಶಾಸ್ತ್ರ ಕಣಪ್ಪ."

"ಇಬ್ಬರೂ ಉಸಿರಾಡ್ತಾ ಇದ್ದೀರಲ್ಲ, ಅದು ನನ್ನ ಇಲಾಖೆ," ಎನ್ನುತ್ತಿದ್ದ ಕುಬಾತ್. "ಅದು ನಿಂತರೆ ವಾದ ಎಲ್ಲಿಂದ ಮಾಡ್ತೀರಿ?"

ಕೆರಿಮ್‌ಕುಲ್ ಕೆನ್ನೆ ಉಬ್ಬಿಸಿ ಊದುತ್ತಲೇ ಕೇಳುತ್ತಿದ್ದ. ಕೊನೆಗೆ ಅವನ ಎಡಗೈ ಗ್ಯಾಸಿನ ತಿರುಪಿನ ಕಡೆ ಹೋಗುತ್ತಿತ್ತು. ಮೂವರು ವಿದ್ವಾಂಸರ ಕಣ್ಣೂ ಆ ಕೈಯ ಮೇಲೆ. ಹಾಗೆ ನೋಡಿಸಿಕೊಳ್ಳುವಾಗ ಅವನ ಮುಖಕ್ಕೆ ಬರುತ್ತಿದ್ದ ಕಳೆ ಮದುವೆಯ ದಿನವೂ ಬಂದಿರಲಿಲ್ಲ ಎಂದು ಅವನ ಹೆಂಡತಿ ಹೇಳುತ್ತಿದ್ದಳಂತೆ.

ಬರಬರುತ್ತ ಆ ಕೈ ನಡುಗತೊಡಗಿತು. ಮೊದಲು ಕಿರುಬೆರಳು, ಆಮೇಲೆ ಮಣಿಕಟ್ಟು. ಸಹಿ ಇರುವೆ ಹರಿದಂತಾಯಿತು. ನಗುತ್ತಿದ್ದವನು ಸುಮ್ಮಸುಮ್ಮನೆ ರೇಗತೊಡಗಿದ. ಊದಿದ್ದೆಲ್ಲ ಸೊಟ್ಟ, ತಣ್ಣಗಾದದ್ದೆಲ್ಲ ಬಿರುಕು. ಕುಬಾತ್ ಒಂದು ದಿನ ಅವನ ಬೆನ್ನು ತಟ್ಟಿ, "ಸ್ವಲ್ಪ ಕಮ್ಮಿ ಮಾಡಪ್ಪ" ಎಂದ. ವೋಡ್ಕಾ ಮುಟ್ಟದ ಕೆರಿಮ್‌ಕುಲ್ ಏನನ್ನು ಕಮ್ಮಿ ಮಾಡಬೇಕೆಂದು ತಿಳಿಯದೆ ಅವನನ್ನೇ ನೋಡಿದ. ಅದೇ ವರ್ಷ ಅವನ ನೌಕರಿಯ ದಾಖಲೆ ಪುಸ್ತಕದಲ್ಲಿ "ಕುಡಿತದ ಕಾರಣ ವಜಾ" ಎಂದು ಬರೆದು ಮನೆಗೆ ಕಳಿಸಿದರು.

*

ಬಾಗಿಲು ಸರಿಸಿ ಅನಾರಾ ಒಳಗೆ ಬಂದಳು. ಅತ್ತು ಅತ್ತು ಗಂಟಲು ಒಡೆದಿತ್ತು. ಚಹಾ ಬಗ್ಗಿಸಲಿಲ್ಲ, ಕೂರಲೂ ಇಲ್ಲ.

"ಒಂದು ಮಾತು ಕೇಳ್ಬೇಕು ದೊಡ್ಡಪ್ಪ. ಹೋದ ವಾರ ಆಸ್ಪತ್ರೆಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟ್ರು ಅಪ್ಪನ ಕೈ ನೋಡಿದ, ವಸಡು ನೋಡಿದ. ನಿಮ್ಮಪ್ಪ ಪಾದರಸದ ಹತ್ರ ಕೆಲಸ ಮಾಡ್ತಿದ್ರಾ ಅಂತ ಕೇಳಿದ. ಐದು ನಿಮಿಷ ನೋಡಿದ್ದು ಅಷ್ಟೇ. ನೀವು ಮೂರೂ ಜನ ಎಷ್ಟು ವರ್ಷ ನೋಡಿದ್ರಿ?"

ಕುಬಾತ್ ಕೈಯಲ್ಲಿದ್ದ ಹಿಟ್ಟಿನ ತುಂಡನ್ನು ತಟ್ಟೆಗೆ ಹಾಕಿದ.

"ನಿಮ್ಮಲ್ಲಿ ಯಾರಿಗೆ ಗೊತ್ತಾಗ್ಬೇಕಿತ್ತು?"

ಸಾಯಿರಾ ಶಾಲು ಎಳೆದುಕೊಂಡಳು. "ನೋಡು ಮಗಳೇ... ನಮ್ಮದು ಸೀಸೆಯೊಳಗಿನ ವಿಷಯ. ಗಾಳಿಲಿ ಆವಿ ಎಷ್ಟಿದೆ ಅಂತ ಅಳೆಯೋದು ಭೌತಶಾಸ್ತ್ರದವರ ಉಪಕರಣ."

"ನಮ್ಮದು ಒತ್ತಡ, ಉಷ್ಣ, ಅಷ್ಟೇ," ಅಂದ ತಿನಾಲಿ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. "ವಿಷ ಅನ್ನೋ ಮಾತೇ ನಮ್ಮ ಪುಸ್ತಕದಲ್ಲಿಲ್ಲ. ಅದು ಮೈಗೆ ಸಂಬಂಧಪಟ್ಟಿದ್ದು."

"ನಾನೇನು ವೈದ್ಯನಾ?" ಕುಬಾತ್ ಬಟ್ಟಲು ಕೆಳಗಿಟ್ಟ. "ಬೆಟ್ಟದ ಮೇಲೆ ಕುರಿ ಹೇಗೆ ಉಸಿರಾಡುತ್ತೆ ಅಂತ ಲೆಕ್ಕ ಬರೆದವನು. ನನ್ನ ಶಾಸ್ತ್ರ ಎಷ್ಟರದ್ದು!"

ಅನಾರಾ ಒಬ್ಬೊಬ್ಬರನ್ನೇ ನೋಡಿದಳು.

"ಅಪ್ಪ ಮನೆಗೆ ಬಂದು ನಿಮ್ಮ ವಾದಾನೆಲ್ಲ ನಮಗೆ ನಟಿಸಿ ತೋರಿಸ್ತಿದ್ದ. ಒಬ್ಬರದ್ದಕ್ಕಿಂತ ಒಬ್ಬರದ್ದು ದೊಡ್ಡದು. ಇವತ್ತು ಮೂರೂ ಇಷ್ಟು ಸಣ್ಣದಾಗ್ಬಿಟ್ವಾ?" ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ಅಮ್ಮ ಸಾಯೋವರೆಗೂ ಮನೆಯೆಲ್ಲ ಬಾಟ್ಲಿ ಹುಡುಕಿದ್ಲು. ಹಿಟ್ಟಿನ ಡಬ್ಬಿಲಿ, ಹಾಸಿಗೆ ಮಡಿಕೆಲಿ. ಸಿಗಲಿಲ್ಲ, ಅದಕ್ಕೇ ಇವನು ಭಾರಿ ಜಾಣ ಅಂದ್ಕೊಂಡ್ಲು. ಅಪ್ಪನೂ ಹೇಳಿ ಹೇಳಿ ಸಾಕಾಗಿ ಸುಮ್ಮನಾದ. ಈಗ ಪ್ರಾರ್ಥನೆ ಹೊತ್ತಿಗೆ ಮೊಲ್ಲಾ ಎಲ್ಲರ ಮುಂದೆ ಕೇಳ್ತಾರೆ, ಈ ಮನುಷ್ಯ ಎಂಥವನು ಅಂತ. ಆಗ ಯಾರಾದ್ರೂ ಒಬ್ಬರು ಹೇಳಿ. ಕುಡುಕ ಅಲ್ಲ, ಪಾದರಸ ಅಂತ. ಓದಿದವರ ಬಾಯಲ್ಲಿ ಬಂದ್ರೆ ಕೇರಿ ನಂಬುತ್ತೆ. ನಾನು ಹೇಳಿದ್ರೆ ಮಗಳು ಅಂತಾರೆ. ಇನ್ನೇನೂ ಬೇಡ ನನಗೆ."

ಹೊರಗೆ ಯಾರೋ ಕರೆದರು. ಅವಳು ಹೋದಳು.

"ತಿನಾಲಿ," ಸಾಯಿರಾ ಮೆಲ್ಲಗೆ ಅಂದಳು, "ಹೆಂಗಸು ನಾನು, ಗಂಡಸರ ಸಾಲಿನಲ್ಲಿ ನಿಂತು ಮಾತಾಡೋ ಹಾಗಿಲ್ಲ. ನೀನೇ ಹೇಳಬೇಕು."

"ನಾನೇ ಯಾಕೆ?"

ಯಾಕೆಂದು ಅವಳಿಗೆ ಗೊತ್ತಿತ್ತು, ಅವನಿಗೂ.

*

ಕೆರಿಮ್‌ಕುಲನ ಕೈ ಇನ್ನೂ ನೆಟ್ಟಗಿದ್ದಾಗ, ಒಂದು ಸೋಮವಾರ ಬೆಂಚಿನ ಮುಂದಿನ ವಾದದಲ್ಲಿ ತಿನಾಲಿ ಗೆದ್ದಿದ್ದ. ಏನು ಹೇಳಿ ಗೆದ್ದನೆಂದು ಈಗ ನೆನಪಿಲ್ಲ. ಅವನ ಒತ್ತಡಮಾಪಕ ಬಿರುಕುಬಿಟ್ಟಿತ್ತು. ಅದರೊಳಗಿನ ಪಾದರಸ ಬಸಿದು, ಸಾಯಿರಾಳ ಕೋಣೆಯಲ್ಲಿ ಆಮ್ಲದಿಂದ ತೊಳೆಸಿ ಒಣಗಿಸಿ, ಆಮೇಲೆ ಉರಿಗೆ ಕೊಡಬೇಕು. ಅದಕ್ಕೆ ಎರಡು ದಿನ. ಅಷ್ಟರಲ್ಲಿ ಸರದಿ ಕುಬಾತನಿಗೆ ಹೋಗುತ್ತಿತ್ತು. ತಿನಾಲಿ ಬಸಿದವನು ತೊಳೆಸದೆ ಹಾಗೇ ತಂದ.

"ಒಳಗೆ ಏನೋ ಮಿನುಗುತ್ತೆ ಪ್ರೊಫೆಸರ್ರೇ."

"ಅದಾ? ಏನಿಲ್ಲ. ಬಿಸಿಗೆ ಹಾರಿಹೋಗುತ್ತೆ."

ಹಾರಿಹೋಯಿತು. ಕಿಟಕಿಯಿಲ್ಲದ ಕೋಣೆ. ಕೆರಿಮ್‌ಕುಲ್ ಮುಖವನ್ನು ಉರಿಯ ಹತ್ತಿರ ತಂದು, ನಳಿಗೆಯ ತುದಿಗೆ ಬಾಯಿಟ್ಟು, ಹೊಸೆದು ಹೊಸೆದು ಬಿರುಕು ಮುಚ್ಚಿದ. ಸಂಜೆಯೊಳಗೆ ಮಾಪಕ ಸಿದ್ಧ. ತೊಳೆಸದಿದ್ದರೂ ನಡೆಯುತ್ತದೆ ಎಂದು ಗೊತ್ತಾದ ಮೇಲೆ ತೊಳೆಸುವವರು ಯಾರು? ಹನ್ನೊಂದು ವರ್ಷ ಹಾಗೇ ನಡೆಯಿತು. ಸಾಯಿರಾ ಒಮ್ಮೆ ಕೇಳಿದ್ದಳು: "ಈಚೆಗೆ ನಿನ್ನ ಗಾಜು ತೊಳೆಯೋಕೆ ಬರ್ತಾನೇ ಇಲ್ಲವಲ್ಲೋ?" ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು.

*

ಮಧ್ಯಾಹ್ನ ಹೆಣವನ್ನು ಡೇರೆಯಿಂದ ಹೊರಗೆ ತಂದರು. ಗಂಡಸರು ಸಾಲುಗಟ್ಟಿದರು. ತಿನಾಲಿ ಮೊದಲ ಸಾಲಿನಲ್ಲಿ ನಿಂತ. ಡೇರೆಯ ಬಾಗಿಲಲ್ಲಿ ಹೆಂಗಸರ ನಡುವೆ ಅನಾರಾ ಕಾಣುತ್ತಿದ್ದಳು.

ಮೊಲ್ಲಾ ತಿರುಗಿ ನಿಂತು ಕೇಳಿದ: "ಜನರೇ, ಈ ಮನುಷ್ಯ ಎಂಥವನಾಗಿದ್ದ?"

"ಒಳ್ಳೆಯವನಾಗಿದ್ದ," ಎಂದಿತು ಸಾಲು, ರೂಢಿಯಂತೆ, ಒಂದೇ ಉಸಿರಿಗೆ.

"ಅವನು ಕುಡೀತಿರಲಿಲ್ಲ!" ಅಂದ ತಿನಾಲಿ.

ಸಾಲೆಲ್ಲ ಅವನ ಕಡೆ ನೋಡಿತು. ಮೊಲ್ಲಾ ಕಾದ. ಅನಾರಾ ಒಂದು ಹೆಜ್ಜೆ ಮುಂದೆ ಬಂದಳು.

ಇನ್ನೊಂದೇ ಮಾತು ಉಳಿದಿತ್ತು: ಪಾದರಸ. ಆದರೆ ಅದರ ಬೆನ್ನಿಗೇ ಎರಡನೆಯದು ಅಂಟಿಕೊಂಡಿತ್ತು: ತಂದವನು ನಾನು. ಅದನ್ನು ಬಿಟ್ಟು ಇದೊಂದೇ ಬರಲೊಲ್ಲದು. ತಿನಾಲಿ ಬಾಯಿ ತೆರೆದ. ಪಕ್ಕದಲ್ಲಿ ಕುಬಾತ್ ತನ್ನ ಬೂಟಿನ ಕೆಸರು ನೋಡುತ್ತಿದ್ದ.

"ಕುಡೀತಿರಲಿಲ್ಲ," ಎಂದು ಇನ್ನೊಮ್ಮೆ ಅಂದ, ಮೊದಲಿಗಿಂತ ಸಣ್ಣಗೆ.

ಹಿಂದಿನ ಸಾಲಿನಿಂದ ಪಿಸುಮಾತು ಕೇಳಿಸಿತು. "ಸ್ನೇಹಿತ ಅಂದ್ರೆ ಹೀಗಿರಬೇಕು ನೋಡು. ಸತ್ತ ಮೇಲೂ ಮುಚ್ಚಿಡ್ತಾನೆ." ಯಾರೋ ಕಿಸಕ್ಕನೆ ನಕ್ಕು ಕೆಮ್ಮಿನಲ್ಲಿ ಮರೆಸಿದರು.

ಮೊಲ್ಲಾ ಕೈಯೆತ್ತಿದ. ಡೇರೆಯ ಬಾಗಿಲಿನ ಕಂಬಳಿ ಕೆಳಗೆ ಬಿತ್ತು. ಅನಾರಾ ಕಾಣಲಿಲ್ಲ.

ಗುಡ್ಡದ ಮೇಲಿನ ಸ್ಮಶಾನದಲ್ಲಿ ಗಾಳಿ ಬೀಸುತ್ತಿತ್ತು. ಹೆಣವನ್ನು ಗುಂಡಿಯ ಪಕ್ಕಕ್ಕೆ ಕೊರೆದ ಗೂಡಿನೊಳಗೆ ಸರಿಸಿ, ಇಟ್ಟಿಗೆಯಿಂದ ಬಾಯಿ ಮುಚ್ಚಿ, ಮಣ್ಣು ಹಾಕತೊಡಗಿದರು. ಸಲಿಕೆಯನ್ನು ಇಲ್ಲಿ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಸಾವನ್ನೇ ದಾಟಿಸಿದ ಹಾಗೆ. ದಣಿದವನು ನೆಲಕ್ಕೆ ಹಾಕಬೇಕು, ಮುಂದಿನವನು ನೆಲದಿಂದ ಎತ್ತಿಕೊಳ್ಳಬೇಕು.

ಕುಬಾತ್ ಹಾಕಿದ ಸಲಿಕೆಯನ್ನು ತಿನಾಲಿ ಎತ್ತಿಕೊಂಡ. ಮೂರು ಸಲಿಕೆ ಹಾಕಿದ. ಐದು. ಹತ್ತು.

"ಸಾಕು ದೊಡ್ಡಪ್ಪ, ಇಡಿ," ಅಂದ ಬೆಕ್ತುರ್.

ತಿನಾಲಿ ಕೇಳಿಸಿಕೊಳ್ಳದವನಂತೆ ಮಣ್ಣು ಎತ್ತಿದ. ಅವನ ಟೋಪಿ ಗಾಳಿಗೆ ಹಾರಿ ಉರುಳಿತು. ಮಂಡಿ ಕುಸಿಯಿತು. ಎದ್ದು ಮತ್ತೆ ಎತ್ತಿದ.

"ಇಡಿ ಅಂದ್ನಲ್ಲ. ಎದೆ ನಿಂತ್ಹೋಗುತ್ತೆ ನಿಮಗೆ."

ಅವನು ಇಡಲಿಲ್ಲ. ಬೇರೆ ಯಾರೂ ಅವನ ಕೈಯಿಂದ ಕಿತ್ತುಕೊಳ್ಳುವಂತಿರಲಿಲ್ಲ. ಕೇರಿಯ ಗಂಡಸರು ಕೋಟಿನ ಕಾಲರು ಎತ್ತಿಕೊಂಡು, ಬರಿಗೈಯಲ್ಲಿ, ಹಳದಿ ಮಣ್ಣಿನ ಸುತ್ತ ಕಾಯುತ್ತ ನಿಂತರು.