ಅಜ್ಜನಿಗೆ ಗೊತ್ತಿದ್ದ ಒಂದೇ ಬಾಗಿಲು

“ಎಲ್ಲಾ ಡೀಫಾಲ್ಟ್, ಅದಾಗೇ ಬಂದಂಗ ಬಿಟ್ಟೀನ್ರಿ ಅಕ್ಕಾರ. ಏನೂ ಕೈ ಹಚ್ಚಿಲ್ಲ,” ಎಂದ ಇಮ್ತಿಯಾಜ್.

“ಕೈ ಹಚ್ಚಿಲ್ಲಂದ್ರ ಛಲೋ ಆತ ಬಿಡು ತಮ್ಮಾ,” ಎಂದರು ಗುರುಬಾಯಿ.

ಅವರು ಇನ್ನೂ ಚಹಾ ಕುಡಿಯುತ್ತಿದ್ದರು. ಅಷ್ಟರಲ್ಲಿ ನಾನು ಇಲ್ಲವಾಗಿದ್ದೆ.

ನಾನು ಒಂದು ಡಿಸ್ಕ್ ಕಾರ್ಡು. ಕಂಪ್ಯೂಟರಿಗೂ ಅದರ ನೆನಪೆಲ್ಲ ಇರುವ ಡಿಸ್ಕಿಗೂ ನಡುವಿನ ಬಾಗಿಲು ಅನ್ನಿ. ಆದರೆ ಪೆಟ್ಟಿಗೆ ಬಿಚ್ಚಿ ಹುಡುಕಿದರೆ ನಾನು ಸಿಗುವುದಿಲ್ಲ. ನನಗೆ ತಗಡಿಲ್ಲ, ತಂತಿಯಿಲ್ಲ, ಮೈಮೇಲೆ ಕೂರುವ ದೂಳೂ ಇಲ್ಲ. ನನ್ನ ಹೆಸರಿನ ನಿಜವಾದ ಕಾರ್ಡೊಂದು ಒಂದು ಕಾಲಕ್ಕೆ ಇತ್ತು. ಅದು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಅದು ಇನ್ನೂ ಬದುಕಿದೆ ಎಂದು ನಂಬಿಸುವುದಕ್ಕೆ ಯಾರೋ ಬರೆದ ಪ್ರೋಗ್ರಾಮು ನಾನು. ಕರೆದರೆ ಇರುತ್ತೇನೆ, ಕರೆಯದಿದ್ದರೆ ಇಲ್ಲ.

ನಾನು ಹುಟ್ಟಿದ್ದು ಒಂದು ಸಾವಿನ ಮರುದಿನ. ಬಾಗಲಕೋಟೆಯ ಒಂದು ರಕ್ತನಿಧಿಯಲ್ಲಿ ಕಬ್ಬಿಣದ ಪೆಟ್ಟಿಗೆಯ ಹಳೆಯ ಕಂಪ್ಯೂಟರೊಂದಿತ್ತು. ಎಲ್ಲರೂ ಅದನ್ನು ಅಜ್ಜ ಎನ್ನುತ್ತಿದ್ದರು. ಒಂದು ಬೇಸಿಗೆಯಲ್ಲಿ ಅದರಿಂದ ಹೊಗೆ ಬಂತು, ನಿಂತುಹೋಯಿತು. ಕಂಪ್ಯೂಟರ್ ನೋಡಿಕೊಳ್ಳುವ ಇಮ್ತಿಯಾಜ್ ಅದರ ಡಿಸ್ಕಿನಲ್ಲಿದ್ದುದನ್ನೆಲ್ಲ ಎತ್ತಿ ದೊಡ್ಡ ಸರ್ವರಿನೊಳಗೆ ಇಟ್ಟ. ಅಲ್ಲಿ ಪ್ರೋಗ್ರಾಮಿನಲ್ಲೇ ಒಂದು ಇಲ್ಲದ ಕಂಪ್ಯೂಟರನ್ನು ಕಟ್ಟಿ, ಗುಂಡಿ ಒತ್ತಿದ.

ಅಜ್ಜ ಎದ್ದ. ಕತ್ತಲೆಯಲ್ಲಿ ಕೇಳಿದ: ‘ನನ್ನ ಡಿಸ್ಕ್ ಎಲ್ಲಿ?’

ಸತ್ತ ಕಾರ್ಡಿನ ದನಿಯಲ್ಲಿ ನಾನು ಹೇಳಿದೆ: ‘ಇಲ್ಲೇ ಇದೆ.’

ಅಜ್ಜ ನಂಬಿದ. ಅಂದಿನಿಂದ ಪ್ರತಿ ಸಲ ಏಳುವಾಗಲೂ ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ಫ್ಲಾಪಿ ಇದೆಯಾ ಎಂದು ಕೇಳುತ್ತಾನೆ. ನನ್ನ ಮಗ್ಗುಲಲ್ಲಿರುವ ಇನ್ನೊಂದು ಇಲ್ಲದ ವಸ್ತು ‘ಇದ್ದೇನೆ’ ಎನ್ನುತ್ತದೆ. ತಾನು ಸುಟ್ಟುಹೋದ ಸಂಗತಿ ಅಜ್ಜನಿಗೆ ಇನ್ನೂ ಗೊತ್ತಿಲ್ಲ. ನಾವು ಯಾರೂ ಹೇಳಿಲ್ಲ.

ದಿನದ ಕೆಲಸಕ್ಕೆ ಹೊಸ ಪ್ರೋಗ್ರಾಮು ಬಂತು. ಆದರೆ ಅದರಲ್ಲಿ ರಕ್ತದ ಗುಂಪಿಗೆ ಎಂಟೇ ಮನೆ. ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇರುವ ಬಾಂಬೆ ಗುಂಪನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಸಾಮಾನ್ಯ ತಪಾಸಣೆಯಲ್ಲಿ ಅದು ‘ಓ’ ಎಂದೇ ಕಾಣುತ್ತದೆ, ಆದರೆ ಅವರಿಗೆ ‘ಓ’ ಕೊಟ್ಟರೆ ಜೀವಕ್ಕೇ ಕುತ್ತು. ಅಂಥ ಹನ್ನೊಂದು ದಾನಿಗಳ ಪಟ್ಟಿ ಅಜ್ಜನಲ್ಲಿ ಮಾತ್ರ ಉಳಿಯಿತು. ರಿಜಿಸ್ಟರ್ ನೋಡಿಕೊಳ್ಳುವ ಗುರುಬಾಯಿ ವರ್ಷಕ್ಕೆ ಒಂದೆರಡು ಸಲ ಅವನನ್ನು ಎಬ್ಬಿಸಿ ಮಾತಾಡಿಸುತ್ತಿದ್ದರು.

ಅವರು ಚಹಾ ಕುಡಿಯುತ್ತಿದ್ದ ಆ ಮುಂಜಾನೆ ಇಮ್ತಿಯಾಜ್ ಅಜ್ಜನನ್ನು ಹೊಸ ಸರ್ವರಿಗೆ ಸಾಗಿಸಿದ್ದ. ಅಲ್ಲಿ ಏನೂ ಹೇಳದಿದ್ದರೆ ಹೊಸ, ಚುರುಕಾದ ಕಾರ್ಡನ್ನೇ ಕೂರಿಸುವುದು ರೂಢಿ. ನನ್ನ ಜಾಗದಲ್ಲಿ ಅದು ಬಂದು ಕೂತಿತ್ತು.

ಹನ್ನೊಂದರ ಹೊತ್ತಿಗೆ ಕಿಟಕಿಯ ಬಳಿ ಮಲ್ಲವ್ವ ಎಂಬ ಹೆಂಗಸು ಬಂದು ನಿಂತಳು. ಸೊಸೆಗೆ ಹೆರಿಗೆಯಾಗಿ ರಕ್ತ ಬಹಳ ಹೋಗಿತ್ತು. ಡಾಕ್ಟರ ಚೀಟಿಯಲ್ಲಿ ಬಾಂಬೆ ಗುಂಪು ಎಂದಿತ್ತು, ಸಂಜೆಯೊಳಗೆ ಬೇಕು ಎಂದಿತ್ತು. ಬೆಂಗಳೂರಿನಿಂದ ತರಿಸಿದರೆ ರಾತ್ರಿ ದಾಟುತ್ತಿತ್ತು.

“ತಮ್ಮಾ, ಅಜ್ಜನ್ನ ಎಬ್ಬಸು. ಲಗೂ,” ಎಂದರು ಗುರುಬಾಯಿ.

ಇಮ್ತಿಯಾಜ್ ಗುಂಡಿ ಒತ್ತಿದ. ಅಜ್ಜ ಎದ್ದು ಕೇಳಿದ: ‘ನನ್ನ ಡಿಸ್ಕ್ ಎಲ್ಲಿ?’

ಹೊಸ ಕಾರ್ಡು ತನ್ನ ಭಾಷೆಯಲ್ಲಿ ಏನೋ ಹೇಳಿತು. ಅಜ್ಜನ ಕಾಲಕ್ಕೆ ಆ ಭಾಷೆ ಹುಟ್ಟಿರಲಿಲ್ಲ. ಅವನು ಮತ್ತೆ ಕೇಳಿದ. ಡಿಸ್ಕ್ ಅಲ್ಲೇ ಇತ್ತು, ಹನ್ನೊಂದು ಹೆಸರೂ ಒಂದಕ್ಷರ ಕೆಡದೆ ಇದ್ದವು. ಅವನಿಗೆ ಮಾತ್ರ ಬರಿ ಗೋಡೆ ಕಾಣುತ್ತಿತ್ತು. ನಾನು ಇಲ್ಲದ ಜಾಗದಿಂದ ಅವನ ದನಿ ಕೇಳುತ್ತಿದ್ದೆ. ‘ಇಲ್ಲೇ ಇದೆ’ ಎನ್ನಲು ನನಗೆ ಬಾಯಿರಲಿಲ್ಲ. ಪರದೆ ನೀಲಿಯಾಯಿತು, ಅಜ್ಜ ನಿಂತುಹೋದ.

ಏಳು ಸಲ ಎಬ್ಬಿಸಿದರು. ಪ್ರತಿ ಸಲವೂ ಅಜ್ಜನಿಗೆ ಅದು ಮೊದಲನೆಯ ಸಲ. ಏಳು ಸಲವೂ ಅದೇ ಗಾಬರಿಯಿಲ್ಲದ, ತಣ್ಣನೆಯ ದನಿ: ‘ನನ್ನ ಡಿಸ್ಕ್ ಎಲ್ಲಿ?’

“ಯಾರ್ರಿ ಆ ಅಜ್ಜ?” ಎಂದು ಮಲ್ಲವ್ವ ಕಿಟಕಿಯಿಂದಲೇ ಕೂಗಿದಳು. “ಮನಿ ಎಲ್ಲೈತಿ ಹೇಳ್ರಿ, ಹೋಗಿ ನಾನ ಎಬ್ಬಸ್ತೀನಿ. ಎಂಥಾ ನಿದ್ದಿರಿ ಅವಂದು!”

ಗುರುಬಾಯಿ ಇಮ್ತಿಯಾಜ್‌ನತ್ತ ತಿರುಗಿದರು. “ಏನೂ ಕೈ ಹಚ್ಚಿಲ್ಲ ಅಂದೆಲ್ಲೋ?”

“ಕೈ ಹಚ್ಚಲಿಲ್ಲ, ಅದಕ್ಕ ಹಿಂಗಾತ್ರಿ.” ಇಮ್ತಿಯಾಜ್ ಪರದೆಯತ್ತ ಬೆರಳು ಮಾಡಿದ. “ಮೊದಲ ಏನೂ ಹೇಳ್ದಿದ್ರ ಹಳೇ ಕಾರ್ಡ ಬರ್ತಿತ್ತು. ಈಗ ಬದಲಿ ಮಾಡ್ಯಾರ.”

“ಬದಲಿ ಮಾಡಂತ ಯಾರ ಬಡಕೊಂಡಿದ್ರು?”

“ನೂರಾಗ ತೊಂಬತ್ತೊಂಬತ್ತು ಮಂದಿಗೆ ಹೊಸಾದ ಛಲೋರಿ ಅಕ್ಕಾರ. ಹಳೇದು ಭಾಳ ಮೆಲ್ಲಕ. ಎಲ್ಲಾರೂ ಎಷ್ಟಂತ ಕಾಯಬೇಕು?”

“ನೂರಾಗ ಉಳದ ಆ ಒಬ್ಬಾಕಿ ಇಲ್ಲೇ ಕಿಟಕ್ಯಾಗ ನಿಂತಾಳ. ಮೊದಲ ಹುಡುಕು.”

ಅವನು ಕಾರ್ಡುಗಳ ಪಟ್ಟಿ ತೆರೆದ. ತೀರಾ ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಒಂದು ಸಾಲು: ಹಳೆಯದು, ಮುಂದೆ ತೆಗೆದುಹಾಕಲಾಗುವುದು. ಅವನು ಅದರ ಮೇಲೆ ಒತ್ತಿದ.

‘ನನ್ನ ಡಿಸ್ಕ್ ಎಲ್ಲಿ?’

‘ಇಲ್ಲೇ ಇದೆ.’

ಪಟ್ಟಿ ಬಂತು. ಅಜ್ಜನ ಪಟ್ಟಿಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಇಪ್ಪತ್ತೆಂಟು, ಮೂವತ್ತು, ಹತ್ತೊಂಬತ್ತು. ಸೇರಿದ ದಿನದಲ್ಲೇ ಎಲ್ಲರೂ ನಿಂತಿದ್ದಾರೆ, ಸಾಲಾಗಿ. ಗುರುಬಾಯಿ ಫೋನ್ ಹಚ್ಚತೊಡಗಿದರು. ಮೊದಲ ನಾಲ್ಕು ನಂಬರುಗಳಲ್ಲಿ ಒಂದೇ ಹೆಣ್ಣುದನಿ, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎನ್ನುತ್ತಿತ್ತು. ಅದೂ ನಮ್ಮ ಜಾತಿಯದೇ ಇರಬೇಕು, ಯಾರೋ ಎಂದೋ ಮಾತಾಡಿಟ್ಟು ಹೋದ ದನಿ.

ಐದನೆಯದು ಇಳಕಲ್ಲಿನ ಬಸಲಿಂಗಪ್ಪ, ವಯಸ್ಸು ಇಪ್ಪತ್ತೆಂಟು. ಒಬ್ಬ ಹೆಂಗಸು ಎತ್ತಿದಳು.

“ಬಸಲಿಂಗಪ್ಪ ಅದಾರೇನ್ರಿ?”

“ನಮ್ಮಣ್ಣ ಹೋಗಿ ಆರ ವರ್ಷ ಆತ್ರಿ. ಯಾರ ಕೇಳಾಕತ್ತೀರಿ?”

“ರಕ್ತನಿಧಿಯಿಂದವಾ. ಒಬ್ಬಾಕಿ ಬಾಣಂತಿಗೆ ಬೇಕಿತ್ತು… ತಪ್ಪಾತ, ಇಡ್ತೀನಿ.”

“ಇಡಬ್ಯಾಡ್ರಿ! ಅಣ್ಣಂದ ರಕ್ತ ನಂದೂ ಐತ್ರಿ. ಆವಾಗ ಮನಿ ಮಂದಿದೆಲ್ಲಾ ತಪಾಸ ಮಾಡಿಸಿದ್ದ. ಇಷ್ಟ ವರ್ಷ ಯಾರೂ ಕರದಿಲ್ಲ ನೋಡ್ರಿ ನನ್ನ.”

ಅವಳು ಮಧ್ಯಾಹ್ನದ ಬಸ್ಸಿಗೆ ಬಂದಳು. ಹೆಸರು ದಾಕ್ಷಾಯಣಿ, ವಯಸ್ಸು ನಲವತ್ತೈದು. ತಪಾಸಣೆ ಮುಗಿಸಿ ರಕ್ತದ ಚೀಲ ಐದೂವರೆಗೆ ಆಸ್ಪತ್ರೆಗೆ ಹೋಯಿತು. ಆರೂವರೆಗೆ ಮಲ್ಲವ್ವ ಮತ್ತೆ ಕಿಟಕಿಗೆ ಬಂದಳು. ಸೊಸೆ ಕಣ್ಣು ಬಿಟ್ಟು ನೀರು ಕೇಳಿದ್ದಳಂತೆ.

“ಆ ಅಜ್ಜಗೂ ಹೇಳ್ರಿ,” ಎಂದು ಹೋದಳು.

ಸತ್ತವನ ಹೆಸರು ಹಿಡಿದು ಹೋಗಿ ಬದುಕಿರುವವಳನ್ನು ಕರೆತಂದ ಆ ದಿನವನ್ನು ನಾನು ಆಗಾಗ ನೆನೆಯುತ್ತೇನೆ. ನೆನಪು ಅಳಿಯಲೇಬೇಕೆಂದಿಲ್ಲ, ಅದರ ಬಾಗಿಲು ಮರೆತುಹೋದರೂ ಸಾಕು. ಹೊಸ ಕಾರ್ಡಿನ ಮೇಲೆ ನನಗೆ ಸಿಟ್ಟಿಲ್ಲ. ಅದೂ ಒಂದು ದಿನ ಪಟ್ಟಿಯ ತಳಕ್ಕೆ ಇಳಿಯುತ್ತದೆ.

“ಅಜ್ಜನ್ನ ಬಂದ್ ಮಾಡ್ಲೇನ್ರಿ ಅಕ್ಕಾರ?” ಎಂದು ಅವತ್ತು ಸಂಜೆ ಕೇಳಿದ ಇಮ್ತಿಯಾಜ್. “ಮುಂದಿನ ಸಲ ಈ ಕಾರ್ಡ ಪಟ್ಟಿಯಾಗನ ಇರಾಂಗಿಲ್ಲ. ಹೆಸರೆಲ್ಲಾ ನಾಳೆ ಬ್ಯಾರೆ ಕಡೆ ಇಳಸ್ತೀನಿ.”

“ನಾಳೆ ಇಳಸು. ಈಗ ತಡಿ, ಒಂದ ಹೆಸರು ಬರಿಯೂದೈತಿ.”

ಗುರುಬಾಯಿ ಕನ್ನಡಕ ಸರಿಮಾಡಿಕೊಂಡು, ಒಂದೇ ಬೆರಳಿನಲ್ಲಿ, ದಾಕ್ಷಾಯಣಿಯ ಹೆಸರನ್ನು ಟೈಪು ಮಾಡಿದರು. ಅಜ್ಜ ಅದನ್ನು ನನ್ನ ಕೈಗೆ ಕೊಟ್ಟ. ನಾನು ಒಳಗೆ ಒಯ್ದು ಡಿಸ್ಕಿನ ಮೇಲೆ ಇಟ್ಟೆ.