ಎರಡೂ ಕೈ ಹಿಟ್ಟಿನಲ್ಲಿ

ನಮ್ಮವರ ಎಡಗೈ ಬೆರಳು ಸದಾ ಬಲಗೈ ಮಣಿಕಟ್ಟಿನ ಮೇಲೆ. ನಾಡಿ ನೋಡುವುದು. ಉಣ್ಣುವಾಗ ಮಾತ್ರ ಅಲ್ಲಿಂದ ಸರಿಯುತ್ತಿತ್ತು, ಅದೂ ನಾಲ್ಕು ತುತ್ತಿಗೆ.

ಬೆಳುವಾಯಿ ಪೇಟೆಯಲ್ಲಿ ಹೋಟೆಲು ನಡೆಸಿದ ಭೋಜಣ್ಣ ಇವರೇ ಎಂದರೆ ಯಾರೂ ನಂಬಲಿಕ್ಕಿಲ್ಲ. ಮೊದಲ ಬಸ್ಸಿನ ಕಂಡಕ್ಟರು ಇವರು ಕರಿದ ಬಾಳೆಹಣ್ಣಿನ ಬನ್ಸ್ ತಿನ್ನದೆ ವಿಸಿಲ್ ಊದುತ್ತಿರಲಿಲ್ಲ. ಅಂಥವರ ಎದೆಬಡಿತ ಕಳೆದ ವರ್ಷ ಲಯ ತಪ್ಪಿತು. ಮೂಡುಬಿದಿರೆಯ ಡಾಕ್ಟರು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟು, ಗಾಯವಾಗದಂತೆ ನೋಡಿಕೊಳ್ಳಿ ಎಂದರು. ಅಷ್ಟು ಸಾಕಾಯಿತು. ಮಿಜಾರಿನಲ್ಲಿ ಪಾಠ ಮಾಡುವ ಮಗಳು ಸಾತ್ವಿಕಾ ಮನೆಯ ಕತ್ತಿಗಳನ್ನೆಲ್ಲ ಇವರ ಕೈಗೆ ಸಿಗದ ಹಾಗೆ ಎತ್ತಿಟ್ಟಳು. ಹೋಟೆಲಿಗೆ ಬೀಗ ಬಿತ್ತು. ಅಡುಗೆಮನೆಗೆ ನಾನು ಬಿಡಲಿಲ್ಲ. ಬಾಣಲೆಯ ಮುಂದೆ ತಲೆ ತಿರುಗಿ ಬಿದ್ದರೆ ಯಾರು ಹೊಣೆ?

ಇವರು ಮಾತು ಬಿಟ್ಟರು. ನಾಳೆಗೆ ಯಾವ ಮೀನು ತರಲಿ ಎಂದರೆ ಗೋಡೆ ನೋಡುತ್ತಿದ್ದರು. ನನಗೆ ಸಿಟ್ಟೇ ಬಂತು. ಕೂತಲ್ಲಿಗೆ ಗಂಜಿ ತಂದುಕೊಟ್ಟರೂ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗೆ!

ಒಂದು ದಿನ ದಾಸವಾಳಕ್ಕೆ ನೀರು ಹಾಕುವಾಗ ಬುಡದಲ್ಲಿ ಮಾತ್ರೆಗಳು ಕಂಡವು. ಜೀವವೇ ಬಾಯಿಗೆ ಬಂತು.

"ಎಂಥದ್ದು ಮಾರಾಯ್ರೆ ಇದು?"

ಇವರು ತಲೆಯೆತ್ತಲಿಲ್ಲ. "ಇನ್ನು ಯಾಕೆ ಕಾಂತಿ? ನನ್ನ ಎದೆಯೇ ನನ್ನ ಮಾತು ಕೇಳುವುದಿಲ್ಲ. ನನ್ನಿಂದ ಯಾರಿಗೆ ಎಂಥ ಉಪಯೋಗ ಉಂಟು?"

ಬೈಯಲು ಬಾಯಿ ತೆರೆದವಳಿಗೆ ಅಳು ಬಂತು. ಈ ಮನುಷ್ಯ ಇಲ್ಲದ ಮನೆಯಲ್ಲಿ ನಾನು ಯಾರೊಡನೆ ಜಗಳಾಡಲಿ?

ಅವತ್ತೇ ಸಾತ್ವಿಕಾಳನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಇವರೊಡನೆ ತುಂಬ ಹೊತ್ತು ಮಾತಾಡಿ ನಮ್ಮನ್ನು ಒಳಗೆ ಕರೆದರು.

"ಇದು ಹಟ ಅಲ್ಲ ಅಮ್ಮ, ಖಿನ್ನತೆ. ಇದೂ ಕಾಯಿಲೆಯೇ. ಹೃದಯದ ತೊಂದರೆ ಇದ್ದವರಿಗೆ ಎಷ್ಟೋ ಸಲ ಬರ್ತದೆ. ಇದಕ್ಕೂ ಮಾತ್ರೆ ಕೊಡ್ತೇನೆ, ಆಗಾಗ ಬಂದು ಮಾತಾಡಲಿ. ಆದರೆ ನೀವು ಇವರನ್ನು ಗಾಜಿನ ಪಾತ್ರೆಯ ಹಾಗೆ ಕಪಾಟಿನಲ್ಲಿ ಇಟ್ಟಿದ್ದೀರಿ. ಕೈಲಾದ ಕೆಲಸ ಮಾಡಲಿ."

ಸಾತ್ವಿಕಾ ತಲೆ ತಗ್ಗಿಸಿದಳು. ನಾನು ತಗ್ಗಿಸಲಿಲ್ಲ. ನನಗೆ ಆಗಲೇ ಬೇರೆ ಯೋಚನೆ.

ಮರುದಿನ ಬೆಳಿಗ್ಗೆ ಮಾತ್ರೆ ಕೊಟ್ಟರೆ, "ಅಲ್ಲಿಡು, ಮತ್ತೆ ತೆಗೆದುಕೊಳ್ತೇನೆ" ಎಂದರು. ಆ 'ಮತ್ತೆ' ಎಂಥದ್ದೆಂದು ದಾಸವಾಳಕ್ಕೆ ಗೊತ್ತು. ನಾನು ಮೈದಾ, ಕಳಿತ ಬಾಳೆಹಣ್ಣು, ದೊಡ್ಡ ಪಾತ್ರೆ ತಂದು ಇವರೆದುರೇ ಕುಳಿತೆ. ಹಿಟ್ಟಿಗೆ ಚೊಂಬಿನಿಂದ ನೀರು ಸುರಿಯಹೋದೆ.

"ಅಯ್ಯೋ, ನೀರಾ!" ಇವರು ಕುರ್ಚಿಯಿಂದ ಅರ್ಧ ಎದ್ದರು.

"ಮತ್ತೆಂಥ ಹಾಕುವುದು?"

"ಬನ್ಸಿಗೆ ಯಾರಾದರೂ ನೀರು ಹಾಕ್ತಾರಾ ಮಾರಾಯ್ತಿ? ಮೊಸರು, ಹಣ್ಣು, ಅಷ್ಟೇ. ಇಷ್ಟು ವರ್ಷ ಹೋಟೆಲಿನವನ ಹೆಂಡತಿಯಾಗಿ ನಿನಗೆ ಅಷ್ಟೂ ಗೊತ್ತಿಲ್ವಾ?"

"ನೀವು ಯಾವತ್ತಾದರೂ ಮುಟ್ಟಲಿಕ್ಕೆ ಬಿಟ್ಟಿದ್ದೀರಾ?"

ಶುದ್ಧ ಸುಳ್ಳು. ಇವರಿಗೆ ಜ್ವರ ಬಂದಾಗಲೆಲ್ಲ ಹೋಟೆಲಿನ ಹಿಟ್ಟು ಕಲಸಿದವಳು ನಾನೇ. ಅದು ಇವರಿಗೂ ಗೊತ್ತು. ಚೊಂಬು ಹಿಡಿದ ನನ್ನನ್ನೇ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ತುಂಬಿಬಂದ ಕಣ್ಣು ಒರೆಸಿಕೊಳ್ಳಲೂ ಧೈರ್ಯವಾಗಲಿಲ್ಲ.

ಇವರು ಮೆಲ್ಲನೆ ಕೆಳಗೆ ಕುಳಿತು ಪಾತ್ರೆಯನ್ನು ತಮ್ಮತ್ತ ಎಳೆದುಕೊಂಡರು. ಹಣ್ಣು ಕಿವುಚಿ, ಮೊಸರು ಹಾಕಿಸಿಕೊಂಡು, ಎರಡೂ ಕೈ ಹಿಟ್ಟಿಗೆ ಇಳಿಸಿದರು. ನಾಡಿ ನೋಡಲು ಈಗ ಬೆರಳು ಉಳಿಯಲಿಲ್ಲ.

ನಾನು ಮಾತ್ರೆಗಳನ್ನು ಇವರ ತುಟಿಯ ಹತ್ತಿರ ಹಿಡಿದೆ. "ಆ ಮಾಡಿ."

"ನೀನು ದೊಡ್ಡ ಕಳ್ಳಿ" ಎಂದರು. ಆಮೇಲೆ ಬಾಯಿ ತೆರೆದರು. ನಾನೇ ಲೋಟ ಎತ್ತಿ ನೀರು ಕುಡಿಸಿದೆ. ಗುಟುಕು ಇಳಿಯುವವರೆಗೂ ಗಂಟಲನ್ನೇ ನೋಡುತ್ತಿದ್ದೆ.

ಇವರು ಹಿಟ್ಟನ್ನು ಮಗುಚಿ ನೋಡಿದರು. ಮುಖದಲ್ಲಿ ಹಳೆಯ ಹೋಟೆಲಿನ ಸಿಡುಕು.

"ಹಣ್ಣು ಸಾಲದು ಕಾಂತಿ. ನಾಳೆ ಇನ್ನೂ ಚೆನ್ನಾಗಿ ಕಳಿತದ್ದು ತಾ."