ಮುಂದಿನ ಸೀಟಿನ ವ್ಯಾಜ್ಯ

ಕಾರಿನಲ್ಲಿ ಮುಂದಿನ ಸೀಟು ಯಾರಿಗೆ ಸೇರಬೇಕೆಂಬುದು ಎರಡು ರಾಜ್ಯಗಳ ಗಡಿ ತಂಟೆಗಿಂತ ಕಡಿಮೆ ತೂಕದ ವಿಷಯವಲ್ಲ. ಹಳೆಯ ಕಾರುಗಳ ಮೆರವಣಿಗೆಯ ದಿನ ಟೈಲರನ ಮನೆ ಮುಂದೆ ಪ್ರತಿವರ್ಷ ಈ ವ್ಯಾಜ್ಯ ವಿಚಾರಣೆಗೆ ಬರುತ್ತಿತ್ತು. ಕಕ್ಷಿದಾರರು ಅವನ ಇಬ್ಬರು ಸ್ನೇಹಿತರು. ಒಬ್ಬ ಕನ್ನಡಕದಂಗಡಿ ಇಟ್ಟಿದ್ದರಿಂದ ಕನ್ನಡಕ ಎಂದೇ ಹೆಸರಾದವನು. ಇನ್ನೊಬ್ಬ ಕ್ಷೌರದಂಗಡಿಯವನು, ಗಿರಾಕಿಯ ಕತ್ತಿನ ಮೇಲೆ ಕತ್ತಿ ಇಟ್ಟಾಗಲೂ ಬಾಯಿ ಮುಚ್ಚದ ಕಾರಣ ಊರೆಲ್ಲ ಅವನನ್ನು ರೇಡಿಯೋ ಎನ್ನುತ್ತಿತ್ತು. ವರ್ಷಾನುಗಟ್ಟಲೆ ಇಬ್ಬರೂ ಆ ಸೀಟು ತನಗೇ ಬೇಕೆಂದು ಜಗಳಾಡಿದ್ದರು. ಈ ವರ್ಷ ತನಗೆ ಬೇಡವೆಂದು ಜಗಳಾಡಿದರು.

“ಹೋದ ಸಲ ನಾನು ಕೂತಿದ್ದೆ. ಈ ಸಲ ನೀನು.”

“ಅಲ್ಲಿ ಬೇಕಾಗಿರೋದು ಬಾಯಿ ಕಣೋ ರೇಡಿಯೋ. ಅದು ನಿನಗೇ ದೇವರು ಧಾರಾಳವಾಗಿ ಕೊಟ್ಟಿದ್ದಾನೆ.”

“ಕಣ್ಣಿನ ವ್ಯಾಪಾರಿ ನೀನು. ನೀನೇ ಹತ್ತು.”

ಕಾರಣವಿತ್ತು. ಕಾರು ಓಡಿಸುತ್ತಿದ್ದ ಟೈಲರನ ಕಣ್ಣು ಹೋಗುತ್ತಿತ್ತು. ನೋಟದ ನಡುಭಾಗವೆಲ್ಲ ಮಬ್ಬು, ಸುತ್ತಲಿನದಷ್ಟೇ ಉಳಿದಿತ್ತು. ಮೊದಲು ಪರೀಕ್ಷೆ ಮಾಡಿದವನು ಕನ್ನಡಕನೇ. ಇದಕ್ಕೆ ನನ್ನಂಗಡಿಯಲ್ಲಿ ಗಾಜಿಲ್ಲ ಎಂದು ಹೇಳುವ ಮುಂಚೆ ಅವನು ಸ್ವಚ್ಛವಾಗಿದ್ದ ಮೇಜನ್ನೇ ಮತ್ತೆ ಮತ್ತೆ ಒರೆಸಿದ್ದ. “ಅಂಚು ಗಟ್ಟಿಯಾಗಿದ್ರೆ ಬಟ್ಟೆ ಬಿಚ್ಚಿಕೊಳ್ಳಲ್ಲ, ಬಿಡೋ,” ಎಂದು ಟೈಲರ್ ಅವನನ್ನೇ ಸಮಾಧಾನಪಡಿಸಿ, ಹೊಲಿಗೆಯನ್ನು ಬೆರಳುಗಳಿಗೂ ಕಾರನ್ನು ಸ್ನೇಹಿತರಿಗೂ ಒಪ್ಪಿಸಿದ್ದ.

ಒಪ್ಪಿಸಿದ್ದೇನೆಂದು ಅವನು ಹೇಳಲಿಲ್ಲ, ಒಪ್ಪಿಕೊಂಡೆವೆಂದು ಇವರೂ ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತವನು ದಾರಿಯುದ್ದಕ್ಕೂ ಊರಿನ ಸೊಬಗನ್ನು ಹೊಗಳಬೇಕು, ಅಷ್ಟೆ. “ಎಡಗಡೆ ಆ ಮರ ನೋಡೋ, ಎಷ್ಟು ಬೆಳೆದಿದೆ!” ಎಂದರೆ ಎಡಕ್ಕೆ ತಿರುವು. “ಪಾಪ, ಆ ಅಜ್ಜಿ ಎಷ್ಟು ನಿಧಾನ!” ಎಂದರೆ ಬ್ರೇಕು. ಟೈಲರ್ ಪ್ರತಿಯೊಂದಕ್ಕೂ “ಹ್ಞೂಂ, ನೋಡ್ದೆ” ಎನ್ನುತ್ತಿದ್ದ.

ಇದು ಟೈಲರನ ಹೆಂಡತಿಗೆ ಗೊತ್ತಿಲ್ಲವೆಂದು ಮೂವರೂ ನಂಬಿದ್ದರು. ಗಂಡಸರು ಇಂಥದ್ದನ್ನು ಬೇಗ ನಂಬುತ್ತಾರೆ. ಆ ತಿಳಿಹಸಿರು ಕಾರು ಅವಳ ತವರಿನಿಂದ ಬಂದದ್ದು. ಅಂದು ಬೆಳಿಗ್ಗೆ ಅವಳು ಕೀಯನ್ನು ಗಂಡನಿಗೆ ಕೊಡುವ ಮೊದಲು ಈ ಇಬ್ಬರ ಮುಖದೆದುರು ಹಿಡಿದಳು.

“ಇವರು ಕಾರು ಓಡಿಸ್ಬಹುದು ಅಂತ ಸಂಜೆ ನೀವಿಬ್ರೂ ನನ್ನ ಮುಖ ನೋಡಿ ಹೇಳಬೇಕು. ಹೇಳಿದ್ರೆ ಕೀ ಇವರ ಜೇಬಲ್ಲೇ ಇರುತ್ತೆ. ಇಲ್ದಿದ್ರೆ ಅಡುಗೆಮನೆ ಮೊಳೆಗೆ.”

“ನಾವಿರೋವಾಗ ನಿಮಗೆ ಯಾಕೆ ಭಯ ಅತ್ತಿಗೆ?” ಎಂದ ರೇಡಿಯೋ.

“ನೀವಿರೋದಕ್ಕೇ,” ಎಂದಳು.

ಕೊನೆಗೆ ಕನ್ನಡಕ ಮುಂದೆ ಕೂತ. ಕಾರುಗಳು ಒಂದರ ಹಿಂದೊಂದು, ನಡೆದುಹೋಗುವವರಿಗೂ ಬೇಸರವಾಗುವ ವೇಗದಲ್ಲಿ ಕೆರೆಯ ದಂಡೆಯ ರಸ್ತೆ ಹಿಡಿದವು. ಮೋಡ ಕವಿದು, ಕೆರೆ ಮತ್ತು ಆಕಾಶ ಎರಡೂ ತೊಳೆಯದ ಪಾತ್ರೆಯ ಬಣ್ಣಕ್ಕೆ ತಿರುಗಿದ್ದವು. ಜನ ಕೈಬೀಸಿದರು. ಟೈಲರ್ ತಾನೇ ಹೊಲಿದ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಜನ ಇಲ್ಲದ ಕಡೆಗೂ ಕೈಬೀಸಿದ. ಮುಂದೆ ಹೋಗುತ್ತಿದ್ದದ್ದು ಹಲ್ಲಿನ ಡಾಕ್ಟರ ಕೆಂಪು ಕಾರು.

“ಆ ಕೆಂಪು ನನಗೆ ಚೆನ್ನಾಗಿ ಗೊತ್ತಾಗುತ್ತೆ. ಅದು ಹೋದಲ್ಲಿ ನಾನು,” ಎಂದ ಟೈಲರ್. ಕಣ್ಣಿನ ವಿಷಯವನ್ನು ಅವನು ಇಷ್ಟು ನೇರವಾಗಿ ಎಂದೂ ಮಾತಾಡಿರಲಿಲ್ಲ. ಕನ್ನಡಕನಿಗೆ ಸ್ವಲ್ಪ ನಿರಾಳವಾಯಿತು.

ಕೆಂಪು ಕಾರು ಕಂಡದ್ದೇ ಹಿಂದಿನ ಸೀಟಿನಲ್ಲಿ ರೇಡಿಯೋ ಶುರುವಾಯಿತು. “ಈ ಡಾಕ್ಟ್ರೇ ಕಣೋ ನನ್ನ ಒಳ್ಳೇ ಹಲ್ಲು ಕಿತ್ತು ಹುಳುಕು ಹಲ್ಲು ಉಳಿಸಿದ್ದು.”

“ಸುಳ್ಳು.”

“ಸುಳ್ಳಾ? ನೋಡು ಬೇಕಾದ್ರೆ.”

“ದೊಡ್ಡದಾಗಿ ತೆಗಿ ಬಾಯಿ. ಬೇರೆ ಹೊತ್ತಲ್ಲಿ ತೆಗ್ದೇ ಇರುತ್ತೆ, ಈಗೇನು ನಾಚಿಕೆ?”

ಕನ್ನಡಕ ಪೂರ್ತಿ ಹಿಂದಕ್ಕೆ ತಿರುಗಿ ಸ್ನೇಹಿತನ ದವಡೆಯ ತನಿಖೆಗಿಳಿದ. ಅದೇ ಹೊತ್ತಿಗೆ ಎಂಜಿನ್ ಕುದಿಯುತ್ತಿದ್ದ ಕೆಂಪು ಕಾರು ಸಾಲು ಬಿಟ್ಟು ಒಂದು ಓಣಿಗೆ ತಿರುಗಿತು. ಟೈಲರ್ ನಿಷ್ಠೆಯಿಂದ ತಿರುಗಿದ. ಅವನ ಹಿಂದಿದ್ದವರು ಅಷ್ಟೇ ನಿಷ್ಠೆಯಿಂದ ಅವನ ಹಿಂದೆ ತಿರುಗಿದರು. ಕೆಂಪು ಕಾರು ಒಂದು ಗೇಟು ದಾಟಿ ಗ್ಯಾರೇಜಿನ ಕತ್ತಲಲ್ಲಿ ಮಾಯವಾಯಿತು. ಕೆಂಪು ತಪ್ಪಿದ ಟೈಲರ್ ಒಗೆದು ಹರವಿದ್ದ ಬೆಡ್‌ಶೀಟಿನೊಳಕ್ಕೆ ನುಗ್ಗಿದ. ಒದ್ದೆ ಬಟ್ಟೆ ಗಾಜಿಗೆ ಬಡಿದಾಗ ಬ್ರೇಕು ಒತ್ತಿದ.

ಡಾಕ್ಟರ ಮನೆಯ ಅಂಗಳದ ತುಂಬ ಕಾರುಗಳು. ಡಾಕ್ಟರ ಹೆಂಡತಿ ಬಾಗಿಲಿಗೆ ಬಂದು ಗಂಡನ ಕಡೆ ತಿರುಗಿದಳು. “ಇಷ್ಟು ಜನ ಬರ್ತಾರೆ ಅಂತ ಒಂದು ಮಾತು ಹೇಳಬಾರದಿತ್ತಾ?”

ರೇಡಿಯೋ ಜಿಗಿದಿಳಿದ. “ಡಾಕ್ಟ್ರೇ, ನಿಮ್ಮ ಗಾಡಿ ಹೊಗೆ ಉಗುಳ್ತಿತ್ತು. ಏನೋ ಸಹಾಯ ಬೇಕಾಗಬಹುದು ಅಂತ ಎಲ್ರೂ ಬಂದ್ವಿ.” ಡಾಕ್ಟರ ಕಣ್ಣು ತುಂಬಿಬಂತು. ಇಂಥ ಜನ ಈ ಕಾಲದಲ್ಲಿ ಎಲ್ಲಿದ್ದಾರೆ ಎಂದರು. ಹಿಂದಿನ ಕಾರಿನವರೂ ತಾವು ಬಂದದ್ದು ಅದಕ್ಕೇ ಎಂದು ತಿಳಿದು ಸಂತೋಷಪಟ್ಟರು.

ಆಮೇಲೆ ಕನ್ನಡಕ ಕಾರಿನ ಮೂತಿಯಿಂದ ಬೆಡ್‌ಶೀಟು ಎಳೆದ. ಅದರಾಚೆ ಕುರ್ಚಿಯಲ್ಲಿ ಡಾಕ್ಟರ ತಂದೆ ಕೂತಿದ್ದರು, ಮೊಣಕಾಲಿನ ಮೇಲೆ ಕಂಬಳಿ. ಬಿಸಿಲು ಕಾಯಿಸಲೆಂದು ಹೊರಗೆ ತಂದು ಕೂರಿಸಿದ್ದರು. ಬಿಸಿಲು ಬಂದಿರಲಿಲ್ಲ, ಅವರು ನಿದ್ದೆ ಹೋಗಿದ್ದರು.

ಕನ್ನಡಕ ಒದ್ದೆ ಬಟ್ಟೆಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಬಟ್ಟೆ ಎಳೆಯುವ ಸದ್ದು ನಿಂತದ್ದು ಕೇಳಿ ಟೈಲರ್ ಇಳಿದು ಬಂದ.

“ಯಾರಿದ್ದಾರೆ?”

“ಯಾರೋ ಅಜ್ಜ. ಏನಾಗಿಲ್ಲ.”

“ಎಷ್ಟು ಜಾಗ ಇದೆ?”

“ಬೇಕಾದಷ್ಟಿದೆ ಬಿಡೋ,” ಎಂದ ರೇಡಿಯೋ.

ಟೈಲರ್ ಮಂಡಿಯೂರಿದ. ಕೈಯಿಂದ ತಡವಿ ಬಂಪರಿಗೆ ಹೆಬ್ಬೆರಳು ಊರಿ, ಬಟ್ಟೆ ಅಳೆಯುವ ಹಾಗೆ ಅಂಗೈ ಬಿಡಿಸಿದ. ಕಿರುಬೆರಳು ಕಂಬಳಿಗೆ ತಾಗಿತು. ಒಂದು ಗೇಣು. ಅವನು ಕೈ ತೆಗೆಯಲಿಲ್ಲ.

ಮುದುಕರು ಕಣ್ಣು ಬಿಟ್ಟರು. “ಅಳತೆ ತಗೋತಿದ್ದೀಯೇನಪ್ಪ? ನನಗೆ ಹೊಸ ಪ್ಯಾಂಟು ಬೇಡ. ನಾನಿನ್ನು ಎಲ್ಲಿಗೂ ಹೋಗೋದಿಲ್ಲ.”

“ಇಲ್ಲ ಸ್ವಾಮಿ,” ಎಂದ ಟೈಲರ್. “ನನ್ನದೇ ಅಳತೆ.”

ಉಳಿದ ಕಾರುಗಳು ಹೇಗೋ ಹಿಂದೆ ಸರಿದು ರಸ್ತೆ ಸೇರಿದವು. ಗೇಟಿನ ಬಳಿ ರೇಡಿಯೋ ಟೈಲರನ ಭುಜ ಹಿಡಿದ. “ಯಾರಿಗೂ ಗೊತ್ತಾಗಿಲ್ಲ. ಡಾಕ್ಟ್ರು ಕೈ ಮುಗಿದು ಕಳಿಸಿದ್ರು. ಅತ್ತಿಗೆಗೆ ನಾವು ಹೇಳ್ತೀವಾ?”

“ನೀವು ಹೇಳಲ್ಲ. ಅದು ನನಗೆ ಗೊತ್ತು,” ಎಂದ ಟೈಲರ್. ಕೀಯನ್ನು ಗಾಳಿಯಲ್ಲಿ ಚಾಚಿದ. ಕನ್ನಡಕ ನಿಂತಿದ್ದದ್ದು ಇನ್ನೊಂದು ಬದಿಗೆ. ಕನ್ನಡಕ ಸದ್ದಿಲ್ಲದೆ ಸರಿದು ಬಂದು ಅದನ್ನು ತೆಗೆದುಕೊಂಡ.

ವಾಪಸು ಬರುವಾಗ ಕನ್ನಡಕ ಓಡಿಸಿದ, ಯಾರೂ ಮರ ಹೊಗಳಲಿಲ್ಲ. ಅಭ್ಯಾಸಬಲದಿಂದ ರೇಡಿಯೋ ಒಮ್ಮೆ “ಬಲಗಡೆ…” ಎಂದು ಶುರುಮಾಡಿ ನಿಲ್ಲಿಸಿದ.

ಟೈಲರನ ಹೆಂಡತಿ ಗೇಟಿನಲ್ಲೇ ನಿಂತಿದ್ದಳು. ಯಾರು ಎಲ್ಲಿ ಕೂತಿದ್ದಾರೆಂದು ನೋಡಿದಳು. ಬೆಳಿಗ್ಗೆಯ ಪ್ರಶ್ನೆಯನ್ನು ಕೇಳಲಿಲ್ಲ. ಕೀ ಅಡುಗೆಮನೆಯ ಮೊಳೆಗೆ ಹೋಯಿತು. ಮುಂದಿನ ಸೀಟು ಟೈಲರನ ಪಾಲಾಯಿತು.